ಮೊದಲು ನೀರು

ಬಾಗಲಕೋಟೆ ತಾಲೂಕಿನ ಬೇವೂರಿನ ಸಮೀಪದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಶಿಕ್ಷಕನಾಗಿ ಬಂದದ್ದು 1986ರಲ್ಲಿ. ಬಾಗಲಕೋಟೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಆಗ ಆ ಸೀಮೆಯೆಲ್ಲ ವಿಜಾಪುರ ಜಿಲ್ಲೆಗೆ ಸೇರಿತ್ತು. ಶಾಲೆಗೆ ಇದ್ದುದು ಎರಡು ಕೋಣೆ, ಒಂದು ಬೇವಿನ ಮರ. ಅದರ ಮುಂದಿನ ಗರಸು ನೆಲವೇ ಮಕ್ಕಳ ಆಟದ ಬಯಲು. ಊರ ದನಗಳು ಮೇಯಲು ಹೋಗುವ ದಾರಿಯೂ ಅದೇ ಆಗಿದ್ದುದರಿಂದ ಅಲ್ಲಿ ಕಲ್ಲಿನಷ್ಟೇ ಸೆಗಣಿಯೂ ಇರುತ್ತಿತ್ತು. ಈ ಸೆಗಣಿಯ ಮಾತು ಮುಂದೆ ಬೇಕಾಗುವುದರಿಂದ ಈಗಲೇ ಹೇಳಿದ್ದೇನೆ.

ಒಂದು ಮಧ್ಯಾಹ್ನ ಮಕ್ಕಳು ಖೊ-ಖೊ ಆಡುತ್ತಿದ್ದರು. ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನಾದರೋ ಮರದ ಕೆಳಗೆ ಕುಳಿತು ನೋಟುಪುಸ್ತಕಗಳನ್ನು ತಿದ್ದುತ್ತಿದ್ದೆನು. ಒಮ್ಮೆಲೇ ಗದ್ದಲವೆದ್ದಿತು. ತಲೆಯೆತ್ತಿ ನೋಡಿದರೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬೋರಲಾಗಿ ಬಿದ್ದಿದ್ದಳು. ಓಡಿಹೋಗಿ ಎತ್ತಿದೆನು. ಮೊಣಕಾಲಿನ ಚರ್ಮ ಕಿತ್ತುಹೋಗಿ ರಕ್ತದೊಡನೆ ಗರಸು ಕಲಸಿಕೊಂಡಿತ್ತು. ಅವಳು ಅಳುತ್ತಿರಲಿಲ್ಲ, ಅಳಬೇಕೋ ಬೇಡವೋ ಎಂಬುದನ್ನು ತಿಳಿಯಲೆಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಯಾರು ದೂಡಿದವರು?" ಎಂಬುದು. ನನ್ನ ಗದರಿಕೆಯನ್ನು ಕೇಳಿದೊಡನೆ ಅವಳು ಅಳತೊಡಗಿದಳು.

ಎಲ್ಲರ ಬೆರಳುಗಳೂ ಐದನೆಯ ತರಗತಿಯ ಹುಡುಗನೊಬ್ಬನ ಕಡೆಗೆ ತಿರುಗಿದವು. ಅವನು ನಿಂತಲ್ಲಿಯೇ ನಡುಗುತ್ತಿದ್ದನು. ಅಷ್ಟರಲ್ಲಿ ಒಬ್ಬನು ಬೊಗಸೆ ತುಂಬ ಮಣ್ಣು ತಂದು, "ಸರ, ಇದನ್ನ ಹಚ್ಚಿದ್ರ ರಕ್ತ ನಿಂದರತೈತ್ರಿ" ಎಂದನು. ಮತ್ತೊಬ್ಬನು ಸೀಮೆಸುಣ್ಣವನ್ನು ಕುಟ್ಟಿ ಪುಡಿ ಮಾಡುತ್ತಿದ್ದನು. ನಾನೂ ಬಾಲ್ಯದಲ್ಲಿ ಎಷ್ಟೋ ಸಲ ಗಾಯಕ್ಕೆ ಮಣ್ಣು ಉದುರಿಸಿಕೊಂಡವನೇ. ಕೈ ಚಾಚಿಯೂ ಆಗಿತ್ತು. ಶಾಲೆಗೆ ನೀರು ತುಂಬುವ ಮುದುಕಿ ಅಡ್ಡ ಬಂದಳು.

"ಸರ, ವಿಚಾರಣಿ ಆಮ್ಯಾಗ ಮಾಡ್ರಿ. ಮೊದಲ ನೀರ್ ಹಾಕ್ರಿ. ಮಣ್ಣ ಮುಟ್ಟಸಬ್ಯಾಡ್ರಿ."

ಹೀಗೆಂದವಳು ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ದೂಡಿದನೆಂದು ಎಲ್ಲರೂ ತೋರಿಸಿದ್ದ ಹುಡುಗನ ಕೈಗೆ ಕೊಟ್ಟಳು. "ಹಿಡಿಯೋ ತಮ್ಮಾ, ಸಣ್ಣಗ ಸುರುವು." ನಾನು ಸಾಬೂನಿನಿಂದ ಕೈ ತೊಳೆದುಕೊಂಡೆನು. ಅವನು ನೀರು ಸುರಿದಂತೆಲ್ಲ ಗರಸಿನ ಹರಳುಗಳು ಒಂದೊಂದಾಗಿ ಜಾರಿಹೋದವು. ಎರಡು ಕೊಡ ನೀರು ಹಿಡಿಯಿತು. ಬಳಿಕ ಒಗೆದ ಬಟ್ಟೆಯನ್ನು ಗಾಯದ ಮೇಲೆ ಒತ್ತಿಹಿಡಿದಾಗ ಸ್ವಲ್ಪ ಹೊತ್ತಿನಲ್ಲಿ ರಕ್ತ ನಿಂತಿತು. ಅಲಮಾರಿನಲ್ಲಿದ್ದ ಟಿಂಕ್ಚರು ಒಣಗಿಹೋಗಿತ್ತು. ಅಂದು ಅದಕ್ಕಾಗಿ ಮರುಗಿದೆನು. ಇಂತಹ ತರಚುಗಾಯಕ್ಕೆ ಶುದ್ಧವಾದ ನೀರೂ ಸಾಬೂನೂ ಸಾಕೆಂದೂ ಉರಿಯುವ ಔಷಧವು ಹಸಿ ಚರ್ಮವನ್ನೇ ನೋಯಿಸುವುದೆಂದೂ ತಿಳಿದದ್ದು ಆಮೇಲೆ. ತಲೆಗೆ ಪೆಟ್ಟು ಬಿದ್ದು ಮಗು ವಾಂತಿ ಮಾಡಿದರೆ, ಮಂಕಾದರೆ, ಇಲ್ಲವೆ ಹತ್ತು ನಿಮಿಷ ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ ಮಾತು ಬೇರೆ. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸಂಜೆ ಹುಡುಗಿಯನ್ನು ನಾನೇ ಮನೆಗೆ ಕರೆದುಕೊಂಡು ಹೊರಟೆನು. ಆ ಹುಡುಗನು ಸ್ವಲ್ಪ ದೂರ ಹಿಂದೆ ಬಂದು, "ಸರ, ಅವ್ರ ಮನ್ಯಾಗ ನನ್ನ ಹೆಸರ ಹೇಳಬ್ಯಾಡ್ರಿ" ಎಂದು ನಿಂತುಬಿಟ್ಟನು. ಅದು ನೇಕಾರರ ಮನೆ. ಕುಣಿಮಗ್ಗದ ಪಕ್ಕದಲ್ಲಿ ತಾಯಿ ಕಂಡಿಕೆ ಸುತ್ತುತ್ತಿದ್ದಳು. 'ಆಟದಲ್ಲಿ ಬಿದ್ದಳು' ಎಂಬಷ್ಟನ್ನೇ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆನು. ಅದು ಸುಳ್ಳಲ್ಲ. ಆದರೆ ಆ ತಾಯಿ ಮಗಳ ಕಟ್ಟನ್ನು ಮುಟ್ಟಿ ನೋಡಿ ನನ್ನತ್ತ ತಿರುಗಿದಾಗ, "ಆಟದ ಹೊತ್ತಿನಲ್ಲಿ ನಾನು ನೋಡುತ್ತಿರಲಿಲ್ಲ ತಾಯಿ, ತಪ್ಪು ನನ್ನದು" ಎಂದು ಹೇಳಿಬಿಟ್ಟೆನು. ಅವಳು ಏನೂ ಅನ್ನಲಿಲ್ಲ. ಮೂಲೆಯಲ್ಲಿದ್ದ ಅಜ್ಜಿ ಮಾತ್ರ, "ಗಾಯಕ್ಕ ಮಣ್ಣ ಹಚ್ಚಿಲ್ಲ ಹೌದಲ್ರಿ?" ಎಂದು ಕೇಳಿದಳು.

ಅವಳ ತಮ್ಮನಿಗೆ ಎಳೆಯ ವಯಸ್ಸಿನಲ್ಲಿ ಜಾಲಿಮುಳ್ಳು ಚುಚ್ಚಿತ್ತಂತೆ. ಮನೆಯವರು ಸೆಗಣಿ ಮೆತ್ತಿ ಕಟ್ಟಿದರು. ಎಂಟನೆಯ ದಿನ ದವಡೆ ಕಚ್ಚಿಕೊಂಡಿತು. ಆಮೇಲೆ ಮೈ ಬಿಲ್ಲಿನಂತೆ ಬಾಗಿತು. ಅವನು ಉಳಿಯಲಿಲ್ಲ. ಧನುರ್ವಾಯು ಎಂಬ ಹೆಸರು ಬಂದದ್ದು ಹೀಗೆ ಬಾಗುವುದರಿಂದಲೇ. ಅದರ ರೋಗಾಣುಗಳು ಮಣ್ಣಿನಲ್ಲಿ, ದನಕುದುರೆಗಳ ಸಗಣಿಲದ್ದಿಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಾಳಿಯಾಡದ ಆಳದ ಗಾಯವನ್ನು ಹೊಕ್ಕರೆ ವಿಷವನ್ನು ಹುಟ್ಟಿಸುತ್ತವೆ. ಈ ರೋಗಾಣುವನ್ನು 1889ರಲ್ಲಿ ಬೇರ್ಪಡಿಸಿ ಬೆಳೆಸಿ ತೋರಿಸಿದವನು ಜಪಾನಿನ ಕಿಟಸಾಟೊ. ಅದಕ್ಕೆ ಲಸಿಕೆಯೂ ಬಂದಿತು. ಆದರೆ ಆ ಹಳ್ಳಿಯ ಆ ಮನೆಗೆ ಅದು ಇನ್ನೂ ತಲುಪಿರಲಿಲ್ಲ. ಹುಡುಗಿಗೆ ಲಸಿಕೆ ಹಾಕಿಸಿದ ನೆನಪು ತಾಯಿಗಿರಲಿಲ್ಲ. ಮರುದಿನ ಬೆಳಗ್ಗೆ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಹಾಕಿಸಿದೆನು. ಈಗ ಶಿಶುವಾಗಿದ್ದಾಗಲೇ ಈ ಲಸಿಕೆಯನ್ನು ಕೊಡುತ್ತಾರೆ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಮತ್ತೆ ಕೊಡುತ್ತಾರೆ. ಇದನ್ನು ಓದುತ್ತಿರುವ ನಿಮಗೆ ಎರಡನೆಯದು ಇನ್ನೂ ಬರಲಿದೆ.

ಆ ಹುಡುಗನ ವಿಚಾರಣೆಯನ್ನು ನಾನು ಮಾಡಲೇ ಇಲ್ಲ. ಎರಡು ದಿನಗಳ ಮೇಲೆ ಅವನೇ ಬಂದು, "ಬೇಕಂತ ದೂಡಿದ್ದಿಲ್ರಿ ಸರ, ಖೊ ಕೊಡಾಕ ಹೋಗಿ ಕೈ ಜೋರ್ ಬಿತ್ರಿ" ಎಂದನು. ಹುಡುಗಿಯಾಗಲೇ ಮೊಣಕಾಲಿನ ಕಟ್ಟಿನೊಡನೆ ಆಟದ ಸಾಲಿನಲ್ಲಿ ಕುಳಿತಿದ್ದಳು. ಅವನನ್ನೂ ಆಟಕ್ಕೆ ಕಳುಹಿಸಿ, ನೋಟುಪುಸ್ತಕಗಳನ್ನು ಕೋಣೆಯಲ್ಲಿಟ್ಟು, ಕುರ್ಚಿಯನ್ನು ಬಯಲಿನ ಅಂಚಿಗೆ ಎಳೆದುಕೊಂಡೆನು. ಮುದುಕಿ ಅದರ ಪಕ್ಕದಲ್ಲಿ ಒಂದು ಕೊಡ ನೀರು ತಂದಿಟ್ಟಳು.