ಬೇತಮಂಗಲದ ನೀರು

ಬೆಂಗಳೂರಿನ ಮಗನ ಮನೆಯಲ್ಲಿ ನಲ್ಲಿ ಒಣಗಿ, ಬೀದಿಗೆ ನೀರಿನ ಲಾರಿ ಬಂದು ನಿಂತಾಗಲೆಲ್ಲ ಆ ನಿವೃತ್ತ ಮೇಷ್ಟರಿಗೆ ತಂಬಿಯ ನೆನಪಾಗುತ್ತದೆ. ಕೊಡಗಳ ಸದ್ದು, ಸರದಿಗಾಗಿ ಜಗಳ, ಜಗಳದ ನಡುವೆಯೇ ನಗು. ಇವೆಲ್ಲ ಕಿವಿಗೆ ಬಿದ್ದೊಡನೆ ಅವರ ಮನಸ್ಸು 1955ರ ಚಾಂಪಿಯನ್ ರೀಫ್ಸಿನ ಒಂದು ಕೂಲಿ ಲೈನಿನ ನಲ್ಲಿಕಟ್ಟೆಗೆ ಹೋಗಿ ನಿಲ್ಲುತ್ತದೆ.

ತಂಬಿ ಎಂಬುದು ಅವನ ಹೆಸರಲ್ಲ. ತಮಿಳಿನಲ್ಲಿ ತಮ್ಮ ಎಂದು ಅದರ ಅರ್ಥ. ಮನೆಯಲ್ಲಿ ನಾಲ್ವರು ಅಕ್ಕಂದಿರು ಕರೆದದ್ದು ಲೈನಿಗೆಲ್ಲ ರೂಢಿಯಾಗಿ, ಕಡೆಗೆ ಶಾಲೆಯಲ್ಲಿಯೂ ಅದೇ ನಿಂತಿತು.

ಮೇಷ್ಟರ ಹುಟ್ಟೂರು ಬೇತಮಂಗಲ. ಪಾಲಾರ್ ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ದೊಡ್ಡ ಕೆರೆ, ವಿಜಯೇಂದ್ರಸ್ವಾಮಿಯ ಗುಡಿ, ವಿಜಯಾದಿತ್ಯಮಂಗಲವೆಂಬ ಪ್ರಾಚೀನ ನಾಮಧೇಯ. ಊರಿನವರಿಗೆ ಹೆಮ್ಮೆಪಡಲು ಇಷ್ಟು ಸಾಕಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕೆರೆಯ ನೀರನ್ನು ಶುದ್ಧಿಮಾಡಿ ಕೊಳವೆಗಳ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಏರಿಸುವ ಏರ್ಪಾಡಾಯಿತು. ಊರಿನವರ ಬಾಯಲ್ಲಿ ಅದು ‘ವಾಟರ್ ವರ್ಕ್ಸ್’. ಮೇಷ್ಟರ ತಂದೆ ಅಲ್ಲಿ ಗುಮಾಸ್ತರು. ಹೈಸ್ಕೂಲಿಗೆಂದು ಮಗನನ್ನು ರಾಬರ್ಟ್‌ಸನ್‌ಪೇಟೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಒಂದೇ ಬೆಂಚಿನಲ್ಲಿ ಜೊತೆಯಾದವನು ತಂಬಿ.

ಹುಡುಗ ಅತ್ತೆಗೆ ಹೇಳದೆ ಲೈನಿಗೆ ಹೋಗುತ್ತಿದ್ದ. ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು, ತಲೆ ಬಾಗಿಸದೆ ಒಳಗೆ ಹೋಗಲಾಗದ ಬಾಗಿಲು. ಒಂದು ಮನೆಯ ಒಗ್ಗರಣೆಗೆ ನಾಲ್ಕು ಮನೆಯವರು ಸೀನುತ್ತಿದ್ದರು. ಗಡಿಯಾರವಿದ್ದ ಮನೆ ಒಂದೂ ಇರಲಿಲ್ಲ. ಗಣಿಯ ಸಂಗು ಕೂಗಿದಾಗ ಪಾಳಿ ಬದಲಾಗುತ್ತಿತ್ತು, ಒಲೆಗಳು ಹೊತ್ತುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಪಾತಾಳದಲ್ಲಿ ಬಂಡೆ ಸಿಡಿದು ನೆಲ ನಡುಗಿ, ಹಲಗೆಯ ಮೇಲಿನ ಪಾತ್ರೆಗಳು ಗಲಗಲನೆ ಅಲುಗುವುವು. ಆಗ ಲೈನಿನ ಹೆಂಗಸರೆಲ್ಲ ಮಾತಿಲ್ಲದೆ ಹೊರಗೆ ಬಂದು ಶಾಫ್ಟಿನ ಕಡೆಗೆ ಮುಖಮಾಡಿ ನಿಲ್ಲುವರು. ಚಿನ್ನದ ಊರೆಂದು ಲೋಕವೆಲ್ಲ ಹೊಗಳುತ್ತಿದ್ದ ಆ ಊರಿನಲ್ಲಿ, ಗಣಿಯಿಂದ ಬಂದ ಚಿನ್ನವನ್ನು ಕಣ್ಣಾರೆ ಕಂಡ ಹೆಂಗಸು ಆ ಲೈನಿನಲ್ಲಿ ಒಬ್ಬಳಾದರೂ ಇದ್ದಳೋ ಇಲ್ಲವೋ! ತಂಬಿಯ ತಂದೆ ಮಾತ್ರ ಪಾಳಿಯಿಂದ ಬಂದು ಗೋಡೆಗೊರಗಿ ಕೆಮ್ಮುತ್ತ ಕುಳಿತಿರುತ್ತಿದ್ದ.

ಆ ಮನೆಯಲ್ಲಿ ಹುಡುಗನಿಗೆ ಹಿತ್ತಾಳೆ ಲೋಟದಲ್ಲಿ ನೀರು ಕೊಡುತ್ತಿದ್ದರು. ‘ಕುಡಿ ಅಯ್ಯರೇ, ನಿಮ್ಮೂರ ನೀರೇ’ ಎಂದು ತಂಬಿ ನಗುತ್ತಿದ್ದ.

ಒಂದು ಭಾನುವಾರ ತಂಬಿ ಆ ಕೆರೆಯನ್ನು ನೋಡಲೇಬೇಕೆಂದು ಹಟ ಹಿಡಿದ. ಗೆಳೆಯರಿಬ್ಬರೂ ಆರೇಳು ಮೈಲಿ ಬಿಸಿಲಿನಲ್ಲಿ ನಡೆದರು. ಏರಿಯನ್ನು ಹತ್ತಿ ನಿಂತಾಗ ತಂಬಿ ಬಹಳ ಹೊತ್ತು ಮಾತನಾಡಲಿಲ್ಲ. ದಿನಕ್ಕೆ ಎರಡು ಕೊಡ ನೀರಿಗಾಗಿ ತಾಯಿ ಜಗಳವಾಡುವುದನ್ನು ಕಂಡವನಿಗೆ, ಜಗಳವಿಲ್ಲದೆ ಅಷ್ಟು ನೀರು ಒಂದೇ ಕಡೆ ನಿಂತಿರುವುದು ಸೋಜಿಗವಾಗಿರಬೇಕು. ಅನಂತರ ಇಬ್ಬರೂ ಮನೆಗೆ ಹೋದರು.

ಅಜ್ಜಿ ಜಗಲಿಗೆ ಬಂದಳು. ಒಳ್ಳೆಯ ಹೆಂಗಸು; ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವಳಲ್ಲ. ‘ಯಾರ ಮಗು?’ ಎಂದಳು. ಹುಡುಗ ಲೈನಿನ ಹೆಸರು ಹೇಳಿದ. ಅಜ್ಜಿಗೆ ಅಷ್ಟು ಸಾಕಾಯಿತು. ‘ಪಾಪ, ದಣಿದಿದೆ. ಕೆಳಗೆ ನಿಂತು ಕೈಯೊಡ್ಡಲು ಹೇಳು’ ಎಂದು ಒಳಗಿನಿಂದ ಚೊಂಬು ತಂದಳು. ತಂಬಿ ಮೆಟ್ಟಿಲ ಕೆಳಗೆ ಬಾಗಿ ಬೊಗಸೆಯೊಡ್ಡಿದ. ಮೇಲಿನಿಂದ ನೀರು ಬಿತ್ತು; ಅಂಗಿಯ ಮುಂಭಾಗವೆಲ್ಲ ನೆನೆಯಿತು. ಹುಡುಗ ಜಗಲಿಯ ಕಂಬವನ್ನು ಹಿಡಿದು ನಿಂತಿದ್ದ. ತಾನು ಅವರ ಮನೆಯ ಲೋಟದಲ್ಲಿ ಕುಡಿದಿರುವೆನೆಂದು ಹೇಳಲು ಅವನ ನಾಲಗೆ ಏಳಲಿಲ್ಲ. ಹೇಳಿದ್ದರೆ ತನಗೆ ಸ್ನಾನಮಾಡಿಸಿ, ಲೈನಿಗೆ ಹೋಗದಂತೆ ಕಟ್ಟುಮಾಡುತ್ತಿದ್ದರೆಂಬ ಭಯ ನಿಜವೇ. ಆದರೆ ಆ ಭಯಕ್ಕಿಂತ ಹೆಚ್ಚಾಗಿ, ಆ ಗಳಿಗೆಯಲ್ಲಿ ಅಜ್ಜಿ ಮಾಡಿದ್ದು ಅವನಿಗೆ ತಪ್ಪೆಂದು ತೋರಿರಲೇ ಇಲ್ಲ. ಮೇಷ್ಟರನ್ನು ಇಂದಿಗೂ ಚುಚ್ಚುವುದು ಅದೇ.

ಹಿಂದಿರುಗುವಾಗ ಕೊಳವೆಯ ಸಾಲಿನ ಪಕ್ಕದಲ್ಲಿ ತಂಬಿ ಹೇಳಿದ: ‘ನಿಮ್ಮೂರ ನೀರು ನಮ್ಮೂರಿಗೆ ಬಂದರೆ ಲೋಟಕ್ಕೆ ಬರುತ್ತದೆ. ನಾನು ನಿಮ್ಮೂರಿಗೆ ಬಂದರೆ ಬೊಗಸೆಗೆ.’ ಹೇಳಿ ನಕ್ಕ. ಆಮೇಲೂ ಎಂದಿನಂತೆಯೇ ಇದ್ದ.

1956ರ ಕೊನೆಯಲ್ಲಿ ಗಣಿಗಳು ಜಾನ್ ಟೇಲರ್ ಕಂಪನಿಯ ಕೈಯಿಂದ ಮೈಸೂರು ಸರ್ಕಾರಕ್ಕೆ ಬಂದವು. ತಂಬಿಯ ತಂದೆ ಕೆಮ್ಮಿ ಕೆಮ್ಮಿ ತೀರಿಕೊಂಡ. ಹದಿನೆಂಟು ತುಂಬುತ್ತಲೇ ತಂಬಿಯೂ ಗಣಿಗಿಳಿದ. ಗೆಳೆಯ ಓದಿ ಮೇಷ್ಟರಾಗಿ ತುಮಕೂರು, ಹಾಸನ, ಮೈಸೂರೆಂದು ವರ್ಗವಾಗುತ್ತ ಹೋದರು. ಮೊದಲು ಕಾಗದಗಳಿದ್ದವು, ಬಳಿಕ ಅವೂ ಇಲ್ಲ.

ಭೂಮಿಯೊಳಗೆ 3,000 ಮೀಟರಿಗೂ ಮಿಕ್ಕು ಇಳಿದಿದ್ದ ಆ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಿದ ಸುದ್ದಿಯನ್ನು ಮೇಷ್ಟರು ಪತ್ರಿಕೆಯಲ್ಲಿ ಓದಿದರು. ಹೋಗಿಬರಬೇಕೆಂದುಕೊಂಡರು, ಹೋಗಲಿಲ್ಲ. ಹೋದದ್ದು 2008ರಲ್ಲಿ, ಬಂಗಾರಪೇಟೆಯ ಮಾರ್ಗವಾಗಿ, ಒಂದು ಭಾನುವಾರ. ಸಂಗು ಇಲ್ಲದ ಊರು ಅವರಿಗೆ ಗುರುತು ಹತ್ತಲಿಲ್ಲ. ಸೈನೈಡ್ ಗುಡ್ಡಗಳು ಮಾತ್ರ ಹಿಂದಿನಂತೆಯೇ ಬೋಳಾಗಿ ನಿಂತಿದ್ದವು. ಲೈನಿನಲ್ಲಿ ಕೇಳಿ ಕೇಳಿ ತಂಬಿಯ ಮಗಳ ಮನೆ ಸಿಕ್ಕಿತು. ತಂಬಿ 1994ರಲ್ಲಿಯೇ ತೀರಿಕೊಂಡಿದ್ದ, ತಂದೆಗಿದ್ದ ಕೆಮ್ಮೇ.

ಮಗಳು ಪ್ರತಿದಿನ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುವವಳು. ಅಂದು ರಜೆಯಾದುದರಿಂದ ಸಿಕ್ಕಿದಳು. ಅವಳು ಕುರ್ಚಿ ಹಾಕಿ, ಅಂಗಡಿಯಿಂದ ಕೊಂಡುತಂದ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಲೋಟವನ್ನು ಹಿಡಿದುಕೊಂಡೇ ಮೇಷ್ಟರು ಐವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಹೇಳದಿದ್ದ ಆ ಭಾನುವಾರದ ಸಂಗತಿಯನ್ನು ಅವಳಿಗೆ ಹೇಳಲು ತೊಡಗಿದರು. ಜಗಲಿಯವರೆಗೆ ಬಂದಾಗ ಅವಳೇ ತಡೆದಳು.

‘ಗೊತ್ತು ಅಯ್ಯಾ. ಅಪ್ಪ ಹೇಳುತ್ತಿದ್ದರು. ಕೆರೆ ಕೋಡಿ ಬಿದ್ದಾಗಲೆಲ್ಲ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ನಿಮ್ಮ ಮನೆಯ ಅಜ್ಜಿ ಕೈಗೆ ದೊಡ್ಡ ಬೆಲ್ಲದ ಅಚ್ಚು ಕೊಟ್ಟು ನೀರು ಕೊಟ್ಟರಂತಲ್ಲ!’

ಮೇಷ್ಟರು ಹೌದೆಂದರು. ಲೋಟವನ್ನು ಬರಿದುಮಾಡಿ ಕೆಳಗಿಟ್ಟರು.

ಅವರಿಗೆ ಬೆಲ್ಲದ ನೆನಪಿಲ್ಲ. ಅಜ್ಜಿ ಕೊಟ್ಟಿದ್ದರೂ ಕೊಟ್ಟಿರಬಹುದು, ಅವಳ ಸ್ವಭಾವವೇ ಅಂಥದು. ಇಲ್ಲವೇ ತನ್ನ ಮಕ್ಕಳಿಗೆ ಆ ಕಥೆಯನ್ನು ಹೇಳುವಾಗ ತಂಬಿಯೇ ಬೆಲ್ಲವನ್ನು ಸೇರಿಸಿರಬಹುದು. ಬೀದಿಗೆ ನೀರಿನ ಲಾರಿ ಬಂದ ಸಂಜೆ ಮೇಷ್ಟರು ಮತ್ತೆ ಆ ಜಗಲಿಯನ್ನು, ಆ ಚೊಂಬನ್ನು, ಒದ್ದೆಯಾದ ಆ ಅಂಗಿಯನ್ನು ಒಂದೊಂದಾಗಿ ನೆನೆದುಕೊಳ್ಳುತ್ತಾರೆ. ಅಜ್ಜಿಯ ಇನ್ನೊಂದು ಕೈಯಲ್ಲಿ ಏನಿತ್ತೆಂಬುದು ಮಾತ್ರ ಅವರಿಗೆ ಕಾಣಿಸುವುದಿಲ್ಲ.