ಕೌದಿಗೆ ಬ್ಯಾಕಪ್ ಇರಲಿಲ್ಲ

ಬಿಇ ಸೇರಲು ಬೆಂಗಳೂರಿಗೆ ಹೊರಟಾಗ ಆಯಿ ನನ್ನ ಟ್ರಂಕಿನ ಮೇಲೆ ಒಂದು ಕೌದಿ ಮಡಚಿಟ್ಟು ಹಗ್ಗ ಬಿಗಿದಿದ್ದಳು. ಆಯಿ ಅಂದ್ರೆ ನಮ್ಮ ಬಾಗಲಕೋಟೆ ಕಡೆ ಅಜ್ಜಿ. ಹಾಸ್ಟೆಲ್‌ನಲ್ಲಿ ಉಳಿದವರ ಮಂಚದ ಮೇಲೆಲ್ಲ ಹುಲಿ, ಗುಲಾಬಿ ಇದ್ದ ನುಣುಪು ಬ್ಲಾಂಕೆಟ್‌ಗಳು. ನನ್ನದು ಮಾತ್ರ ತ್ಯಾಪಿ ತ್ಯಾಪಿ ಕೌದಿ. ಮೊದಲ ವಾರವೇ ಮಂಚದ ಕೆಳಗೆ ತಳ್ಳಿದೆ. ಮೂರನೇ ಸೆಮಿಸ್ಟರ್ ಹೊತ್ತಿಗೆ ಗೆಳೆಯನ ಬೈಕ್ ಒರೆಸಲು ಅದರ ಒಂದು ತುದಿ ಹರಿದುಕೊಂಡೆ. ರೂಮು ಖಾಲಿ ಮಾಡುವಾಗ ಅಲ್ಲೇ ಬಿಟ್ಟು ಬಂದೆ.

"ಥಂಡಿಗೆ ಕೌದಿ ಹೊಚ್ಕೊಂತಿ ಇಲ್ಲೋ ತಮ್ಮಾ?" ಅಂತ ಆಯಿ ಫೋನಿನಲ್ಲಿ ಕೇಳಿದಾಗಲೆಲ್ಲ "ಹೂಂ ಆಯಿ" ಅಂದೆ. ಅವಳು ಸಾಯುವ ತನಕ ಹಾಗೇ ಅಂದೆ.

ಆಮೇಲೆ ಒಮ್ಮೆ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ಕ್ವಿಲ್ಟ್ ಬಟ್ಟೆಯ ಅಂಗಡಿಯೊಂದಕ್ಕೆ ಸುಮ್ಮನೆ ಹೊಕ್ಕೆ. ಒಂದಿಡೀ ಗೋಡೆ '1930ರ ರಿಪ್ರೊಡಕ್ಷನ್' ಬಟ್ಟೆಗಳದ್ದು. ಆ ಬರಗಾಲದಂಥ ವರ್ಷಗಳಲ್ಲಿ ಅಲ್ಲಿ ಹಿಟ್ಟು, ಪಶು ಆಹಾರ ಬರುತ್ತಿದ್ದದ್ದು ಹತ್ತಿಯ ಚೀಲದಲ್ಲಿ. ಹೆಂಗಸರು ಆ ಚೀಲ ಬಿಚ್ಚಿ ಫ್ರಾಕು, ಕ್ವಿಲ್ಟು ಹೊಲಿಯುತ್ತಾರೆಂದು ಗೊತ್ತಾಗಿ ಕಂಪನಿಗಳು ಚೀಲದ ಮೇಲೇ ಹೂವು ಬಳ್ಳಿ ಅಚ್ಚು ಹಾಕತೊಡಗಿದವು. ಈಗ ಅದೇ ಅಚ್ಚಿನ ಬಟ್ಟೆ ಹೊಸದಾಗಿ ತಯಾರಾಗುತ್ತದೆ. ಜನ ಅದನ್ನು ಕೊಂಡು, ಅಜ್ಜಿ ಕಾಲದ ಕ್ವಿಲ್ಟ್‌ನ ಅಳತೆ ಹಿಡಿದು, ಮತ್ತೊಮ್ಮೆ ಹೊಲಿಯುತ್ತಾರೆ.

ಅವತ್ತು ರಾತ್ರಿ ಅಲಬಾಮಾದ ಗೀಸ್ ಬೆಂಡ್ ಬಗ್ಗೆ ಓದಿದೆ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿಯ ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಸೇರಿಸಿ ಕ್ವಿಲ್ಟ್ ಹೊಲಿದಳು. 2002ರಲ್ಲಿ ಆ ಊರಿನ ಕ್ವಿಲ್ಟ್‌ಗಳು ಹ್ಯೂಸ್ಟನ್ನಿನ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕವಂದಿಯನ್ನೂ ಈಗ ಜಗತ್ತು ಕಲೆ ಅಂತ ನೋಡುತ್ತದೆ. ನಾನು ಬೈಕ್ ಒರೆಸಿದ ಕೌದಿಯಲ್ಲಿ ಮುತ್ಯಾನ ಧೋತರ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದನ್ನು ಮತ್ತೆ ಹೊಲಿಯಬೇಕು ಅನ್ನೋದು ತಲೆಯಲ್ಲೇ ಉಳಿಯಿತು. ಕೊನೆಗೆ ಹೋದ ವರ್ಷ ಶುರು ಮಾಡಿದೆ. ಇದ್ದದ್ದು ಒಂದೇ ಫೋಟೊ, ಯಾರದೋ ಕುಬಸದ ಕಾರ್ಯದ್ದು. ಹಿಂದುಗಡೆ ಗೋಡೆ ಮೇಲೆ ಕೌದಿ ಒಣಗುತ್ತಿದೆ. ಝೂಮ್ ಮಾಡಿ, ಎಕ್ಸೆಲ್‌ನಲ್ಲಿ ಚೌಕ ಹಾಕಿ, ಬಣ್ಣ ತುಂಬಿದೆ. ಗುಳೇದಗುಡ್ಡದ ಹೊಸ ಖಣ ತರಿಸಿದೆ. ಮೂರು ತಿಂಗಳ ಶನಿವಾರ, ಭಾನುವಾರ ಹೊಲಿದೆ. ಮೊದಲ ಸಲ ನೀರಿಗೆ ಹಾಕಿದ್ದೇ ತಡ, ಕೆಂಪು ಖಣ ಬಣ್ಣ ಬಿಟ್ಟಿತು. ಒಂದೊಂದು ಬಟ್ಟೆ ಒಂದೊಂದು ಥರ ಕುಗ್ಗಿ, ಇಡೀ ಕೌದಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಯಿತು.

ಊರಿಂದ ಬಂದ ಅವ್ವ ನೋಡಿ ನಕ್ಕಳು. "ಹೊಸಾ ಅರಬಿ ಒಳಗ ಯಾರರ ಕೌದಿ ಹೊಲಿತಾರೇನೋ?" ಹತ್ತಾರು ವರ್ಷ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು ಮೆತ್ತಗಾಗಿರುತ್ತದೆ. ಸೂಜಿಗೂ ಹಗುರ, ಮೈಗೂ ಹಿತ. ಹಾಲ್‌ನಲ್ಲಿ ಸೋಫಾ ಸರಿಸಿ, ಹಳೆ ಸೀರೆ ಹಾಸಿ, ನಾಲ್ಕೂ ಮೂಲೆಗೆ ನನ್ನ ಡಂಬೆಲ್ ಇಟ್ಟು, ಪದರದ ಮೇಲೆ ಪದರ ಹರವಿದಳು. ಅಂಚಿನಿಂದ ಹೊಲಿಗೆ ಹಿಡಿದು, ಸುತ್ತು ಸುತ್ತಾಗಿ ನಡುವಿಗೆ ಬರಬೇಕು.

"ಡಿಸೈನ್ ಹೆಂಗ ಮಾಡ್ತಿದ್ಲು ಆಯಿ?" ಅಂದೆ.

"ಡಿಸೈನ್ ಎಲ್ಲೀದು? ಆ ವರ್ಷ ಮನ್ಯಾಗ ಏನ್ ಹರದಿರತೈತಿ, ಅದ."

ಮೇಲಿನ ಪದರಕ್ಕೆ ಅಂತ ಅವ್ವ ಬ್ಯಾಗಿನಿಂದ ಇಳಕಲ್ ಸೀರೆ ತೆಗೆದಳು, ಟೋಪ ತೆನಿ ಸೆರಗಿನದು. "ಇದು ಬ್ಯಾಡವ್ವ, ನನ್ನ ಮೊದಲನೇ ಪಗಾರದ್ದು!" ಅಂದೆ.

"ಹನ್ನೆರಡ ವರ್ಷ ಆತಲೋ. ಉಟ್ಟೂ ಉಟ್ಟೂ ಸವದೈತಿ. ಈಗ ಕೌದಿಗೆ ಬಂದೈತಿ."

ಕಿಟಕಿಗೆ ಹಿಡಿದು ನೋಡಿದೆ. ಬೆಳಕು ಆಚೆಯಿಂದ ಈಚೆ ಬರುತ್ತಿತ್ತು. ನನ್ನ ತಲೆಯಲ್ಲಿ ಅದಿನ್ನೂ ಅಂಗಡಿಯ ಮಡಿಕೆ ಬಿಚ್ಚದ ಹೊಸ ಸೀರೆ. ವರ್ಷಕ್ಕೆ ಎರಡು ಸಲ, ಎರಡೆರಡು ದಿನ ಊರಿಗೆ ಹೋಗಿಬರುವವನಿಗೆ ಅದು ಯಾವಾಗ ಹಳೆಯದಾಯಿತು ಗೊತ್ತೇ ಆಗಿರಲಿಲ್ಲ.

ಹೊಲಿಯುತ್ತಾ ಹೊಲಿಯುತ್ತಾ ಹಾಸ್ಟೆಲ್ ಕಥೆ ಹೇಳಿಬಿಟ್ಟೆ. ಅವ್ವ ಸೂಜಿ ನಿಲ್ಲಿಸಲಿಲ್ಲ. "ಗಾಡಿ ಒರಸೀದಿ ಅಂದ್ರ ಏನಾತು? ಕೌದಿ ಹರದ ಮ್ಯಾಲೆ ಆಕೀನೂ ಎಮ್ಮಿ ಮೈ ಒರಸಾಕ ಇಡ್ತಿದ್ಲು." ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಸುಳ್ಳ ಹೇಳಬಾರದಾಗಿತ್ತು."

ಕೊನೆಯ ಮೂಲೆ ಮುಚ್ಚುವ ಮೊದಲು ಆಯಿ ಒಳಗೊಂದು ರೊಟ್ಟಿ ಚೂರು ಇಡುತ್ತಿದ್ದಳು, ಕೌದಿ ಹಸಿದಿರಬಾರದು ಅಂತ. ಅವತ್ತು ಮನೆಯಲ್ಲಿದ್ದದ್ದು ಚಪಾತಿ. ಅದನ್ನೇ ಇಟ್ಟೆವು. ನನ್ನ ಸೊಟ್ಟ ಹೊಲಿಗೆಯನ್ನು ಬಿಚ್ಚಲು ಅವ್ವ ಬಿಡಲಿಲ್ಲ. ಫೋಟೊದಲ್ಲಿದ್ದ ಕೌದಿಗೂ ಇದಕ್ಕೂ ಒಂದು ಚೌಕವೂ ತಾಳೆಯಾಗುವುದಿಲ್ಲ. ಎಕ್ಸೆಲ್ ಶೀಟ್ ಡಿಲೀಟ್ ಮಾಡಿದೆ.

ಈಗ ಅದನ್ನು ನನ್ನ ಮಗಳು ಹೊದೆಯುತ್ತಾಳೆ. ಮುಂದೊಂದು ದಿನ ಅವಳೂ ಹಾಸ್ಟೆಲ್ ಮಂಚದ ಕೆಳಗೆ ತಳ್ಳಬಹುದು. ತಳ್ಳಲಿ. ನಾನಂತೂ ಫೋನಿನಲ್ಲಿ ಕೇಳುವುದಿಲ್ಲ.