ಹೂಡಿಯಲ್ಲಿ ಕಂಡ ಹಳೆಯ ಆಟಗಾರರು

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ, ಹೂಡಿಯೆಂಬ ಊರಿರುವುದು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬಂದ ರೈಲುಹಾದಿಯು ಇಲ್ಲಿಯೇ ಹಾದುಹೋಗುವುದು. 1990ರ ದಶಕದಲ್ಲಿ ಸಮೀಪದಲ್ಲಿ ತಂತ್ರಜ್ಞಾನದ ಕಚೇರಿಗಳು ನೆಲೆಗೊಂಡ ಮೇಲೆ ಹೊಲಗಳಿದ್ದೆಡೆ ಬಹುಮಹಡಿಯ ಮನೆಗಳೆದ್ದವು; 2023ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಬಂದಿತು. ಇಂತಹ ಊರಿನಲ್ಲಿ ಹಳೆಯದನ್ನು ಅರಸುವುದು ವಾಚಕರಿಗೆ ವಿನೋದವಾಗಿ ತೋರಬಹುದು. ಆದರೆ ಹೊಸ ಮನೆಗೆ ಬರುವವರ ಸಂಗಡ ಹಳೆಯ ಪೆಟ್ಟಿಗೆಗಳೂ ಬರುವುವಷ್ಟೆ. ಅಂಥದೊಂದನ್ನು ನೋಡಲೆಂದೇ ನಾವು ಈಚೆಗೆ ಅಲ್ಲಿಗೆ ಹೋಗಿದ್ದೆವು.

ನಮ್ಮ ಮಿತ್ರರೊಬ್ಬರು ಬಸವನಗುಡಿಯಲ್ಲಿದ್ದ ತಂದೆಯ ಮನೆಯನ್ನು ತೆರವುಮಾಡಿ ಸಾಮಾನುಗಳನ್ನು ಹೂಡಿಗೆ ತಂದಿದ್ದರು. ಪೆಟ್ಟಿಗೆಯಲ್ಲಿ ಅವರ ಬಾಲ್ಯದ ಬಿಗ್ ಫನ್ ಚೀಟಿಗಳು ಕೆಲವಿದ್ದವು. 1980ರ ದಶಕದಲ್ಲಿ ಬಬಲ್‌ಗಮ್ಮಿನೊಡನೆ ಬರುತ್ತಿದ್ದ ಈ ಕ್ರಿಕೆಟ್ ಚಿತ್ರಗಳ ಮೇಲೆ ರನ್ನು, ವಿಕೆಟ್ಟುಗಳ ಲೆಕ್ಕವಿರುತ್ತಿದ್ದಿತು. ಲೆಕ್ಕ ಕೂಡಿಸಿ ಒಪ್ಪಿಸಿದವರಿಗೆ ಕಾಣಿಕೆ ಸಿಕ್ಕುತ್ತಿದ್ದಿತು. ಆದಕಾರಣ ಜಾಣ ಮಕ್ಕಳ ಬಳಿ ಚೀಟಿಗಳುಳಿಯಲಿಲ್ಲ. ಕೊಡಲು ಮನಸ್ಸಾಗದವರ ಬಳಿ ಮಾತ್ರ ಉಳಿದವು.

ಅದರ ಕೆಳಗಿದ್ದುದು ತಂದೆಯವರ ಲೆಕ್ಕದ ಪುಸ್ತಕ. ಅವರ ಕಾಲದಲ್ಲಿ ಮದರಾಸಿನಿಂದ ಹೊರಟು 1968ರಲ್ಲಿ ನಿಂತುಹೋದ ‘ಸ್ಪೋರ್ಟ್ ಅಂಡ್ ಪಾಸ್‌ಟೈಮ್’ ಪತ್ರಿಕೆಯಿಂದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದರು. 1956ರಲ್ಲಿ ಮದರಾಸಿನ ಟೆಸ್ಟ್ ಪಂದ್ಯದಲ್ಲಿ ಮೊದಲ ವಿಕೆಟ್ಟಿಗೆ 413 ರನ್ನು ಕೂಡಿಸಿದ ಮಂಕಡ್ ಮತ್ತು ರಾಯ್. 1962ರಲ್ಲಿ ಟೆಸ್ಟ್ ಆಟಕ್ಕೆ ಕಾಲಿಟ್ಟು, ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಸುಮಾರು 5 ವರ್ಷ ದೂರವಿದ್ದು ಮರಳಿದ ನಮ್ಮ ಪ್ರಸನ್ನ. ಪೋಲಿಯೋದಿಂದ ಕೃಶವಾದ ಬಲಗೈಯಿಂದಲೇ ಚೆಂಡೆಸೆದ ಚಂದ್ರಶೇಖರ್.

ಇಂತಹ ಕಾಗದಕ್ಕೆ ಬೆಲೆಯುಂಟೇ? ಅಮೆರಿಕದಲ್ಲುಂಟು. ಟಾಪ್ಸ್ ಎಂಬ ಚ್ಯೂಯಿಂಗ್‌ಗಮ್ ಕಂಪನಿಯು 1952ರಲ್ಲಿ 407 ಬೇಸ್‌ಬಾಲ್ ಚೀಟಿಗಳ ಮಾಲೆಯನ್ನು ಹೊರಡಿಸಿತು. ಮಾರಾಟವಾಗದುದನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದುದಾಗಿ ಕಂಪನಿಯವರೇ ಹೇಳಿದ್ದರು. ಆ ಮಾಲೆಯ ಮಿಕಿ ಮ್ಯಾಂಟಲ್ ಎಂಬಾತನ ಚೀಟಿಯೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಎಲ್ಲರೂ ಎಸೆದುದರಿಂದಲೇ ಉಳಿದುದಕ್ಕೆ ಆ ಬೆಲೆ.

ನಮ್ಮ ಮಿತ್ರರ ಪುಸ್ತಕಕ್ಕೆ ಅಂಥ ಬೆಲೆ ಬಾರದು. ಹಳೆಯ ಪೇಪರಿನವನು ಬೆಳಿಗ್ಗೆ ತಕ್ಕಡಿಯೊಡನೆ ಬರುವವನಿದ್ದನು. “ಎರಡು ಕೋಣೆಯ ಮನೆ, ಮಕ್ಕಳ ಪುಸ್ತಕಕ್ಕೇ ಸ್ಥಳವಿಲ್ಲ,” ಎಂದರು ಮನೆಯಾಕೆ. ಅವರ ಮಾತು ನ್ಯಾಯವಾದುದೇ. ಆದರೆ ಪುಟ ತಿರುಗಿಸುತ್ತಿದ್ದಂತೆ ಮಂಕಡರ ಚಿತ್ರದ ಕೆಳಗೆ ಮಾವನವರ ಪೆನ್ಸಿಲ್ ಬರಹ ಕಂಡಿತು: “ಎದುರು ಮನೆಯ ರೇಡಿಯೋದಲ್ಲಿ ಕೇಳಿದ್ದು. ಒಳಗೆ ಕರೆಯಲಿಲ್ಲ; ಕಿಟಕಿ ತೆರೆದಿಟ್ಟರು.” ಆಕೆ ಅದನ್ನು ಎರಡು ಸಲ ಓದಿ, ಸೆರಗಿನಿಂದ ರಟ್ಟನ್ನೊರಸಿ, “ಇದೊಂದು ಇರಲಿ,” ಎಂದರು.

ಗೃಹಸ್ಥರು ಮನೆ ಬದಲಾಯಿಸುವಾಗ ಇಂತಹ ಪುಸ್ತಕವನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದೊಳ್ಳೆಯದು. ಹೊಸದಾಗಿ ಗೋಂದು ಹಚ್ಚಬಾರದು. ಅಂಟುಪಟ್ಟಿಯನ್ನೂ ಹಾಕಬಾರದು, ಅದು ಕಾಗದವನ್ನು ಹಳದಿಗೊಳಿಸುವುದು. ತೇವವೂ ಬಿಸಿಲೂ ತಾಗದ ಗೂಡಿನಲ್ಲಿ ಮಲಗಿಸಿಡಬೇಕು. ಸಂಗ್ರಹಿಸಿದವರ ಹೆಸರನ್ನು ಪೆನ್ಸಿಲಿನಿಂದ ಬರೆದಿಡಬೇಕು. ಆಟಗಾರರ ಹೆಸರುಗಳನ್ನು ಬೇರೆಡೆ ಹುಡುಕಬಹುದು. ಕಿಟಕಿಯ ಹೊರಗೆ ನಿಂತು ಕೇಳಿದವರ ಹೆಸರು ಮನೆಯಲ್ಲಿ ಮಾತ್ರ ಸಿಕ್ಕುವುದು.